ಎಷ್ಟು ಹೋಯಿತು, ಎಲ್ಲಿಗೆ ಹೋಯಿತು: ಶಕ್ತಿಯ ಪಾಠವನ್ನು ಲೆಕ್ಕ ಇಟ್ಟು ಕಲಿಸುವ ಬಗೆ

"ಶಕ್ತಿಯನ್ನು ಸೃಷ್ಟಿಸಲಾಗದು, ನಾಶಮಾಡಲಾಗದು, ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಪರಿವರ್ತಿಸಬಹುದು." ಒಂಬತ್ತನೇ ತರಗತಿಯ ಯಾವ ಮಗುವನ್ನು ಎಬ್ಬಿಸಿ ಕೇಳಿದರೂ ಈ ಸಾಲು ಬಾಯಿಪಾಠ. ಅದೇ ಮಗುವಿನ ಮುಂದೆ ನೆಲದ ಮೇಲೆ ಒಂದು ಗೋಲಿ ಉರುಳಿಸಿ, ಅದು ನಿಂತ ಮೇಲೆ "ಇದರ ಶಕ್ತಿ ಏನಾಯಿತು?" ಎಂದು ಕೇಳಿ ನೋಡಿ. "ಖಾಲಿ ಆಯ್ತು ಸರ್" ಎನ್ನುತ್ತದೆ. ನಿಯಮ ಬಾಯಿಗೆ ಬಂದಿದೆ, ತಲೆಗೆ ಹೋಗಿಲ್ಲ.

ಕಾರಣ ಸರಳ. ಈ ಪಾಠವನ್ನು ನಾವು ಹೆಸರುಗಳ ಪಟ್ಟಿಯಾಗಿ ಕಲಿಸುತ್ತೇವೆ. ಬಲ್ಬ್ ಎಂದರೆ ವಿದ್ಯುತ್ತಿನಿಂದ ಬೆಳಕು, ಫ್ಯಾನ್ ಎಂದರೆ ವಿದ್ಯುತ್ತಿನಿಂದ ಚಲನೆ, ಅಲ್ಲಿಗೆ ಮುಗಿಯಿತು. ಆದರೆ ಸಂರಕ್ಷಣೆಯ ನಿಯಮ ಇರುವುದು ಮೊತ್ತದ ಬಗ್ಗೆ. ಅಂಗಡಿಯವನ ಪುಸ್ತಕದಂತೆ ಬಂದದ್ದೂ ಹೋದದ್ದೂ ತಾಳೆಯಾಗಬೇಕು. ಹಾಗಾಗಿ ಇಲ್ಲಿ ಹೇಳುವ ಪ್ರತಿ ಪ್ರಯೋಗದಲ್ಲೂ ಒಂದು ಅಂಕಿ ಬರುತ್ತದೆ, ಆ ಅಂಕಿ ಎಲ್ಲಿಗೋ ಕೈ ತೋರಿಸುತ್ತದೆ. 40 ನಿಮಿಷದ ಐದು ಪೀರಿಯಡ್ ಸಾಕು.

ಮೊದಲು ಮಾತು ಸರಿಯಾಗಲಿ

ಕನ್ನಡದಲ್ಲಿ "ಶಕ್ತಿ" ಬಹಳ ಬಳಸಿದ ಪದ. ದೇವಿ ಶಕ್ತಿ, ತೋಳಿನ ಬಲ ಶಕ್ತಿ, ಹೆಣ್ಣುಮಕ್ಕಳ ಉಚಿತ ಬಸ್ ಪ್ರಯಾಣವೂ ಶಕ್ತಿ. ಮಕ್ಕಳು ಇದನ್ನೆಲ್ಲ ಹೊತ್ತುಕೊಂಡೇ ತರಗತಿಗೆ ಬರುತ್ತಾರೆ. ಬಲ, ಶಕ್ತಿ, ಸಾಮರ್ಥ್ಯ ಮೂರನ್ನೂ ಮೊದಲ ದಿನವೇ ಬಿಡಿಸಿಡಿ, ವ್ಯಾಖ್ಯೆಯಿಂದಲ್ಲ, ಅಳತೆಯಿಂದ. 100 ಗ್ರಾಂ ತೂಕದ ವಸ್ತುವನ್ನು ಕೈಯಲ್ಲಿ ಹಿಡಿದರೆ ಅದು ಕೆಳಕ್ಕೆ ಎಳೆಯುವ ಬಲ ಸುಮಾರು 1 ನ್ಯೂಟನ್. ಅದನ್ನು 1 ಮೀಟರ್ ಎತ್ತಿದರೆ ಸುಮಾರು 1 ಜೂಲ್ ಶಕ್ತಿ. ಆ ಕೆಲಸ 1 ಸೆಕೆಂಡಿನಲ್ಲಿ ಮುಗಿದರೆ 1 ವ್ಯಾಟ್ ಸಾಮರ್ಥ್ಯ. ಒಬ್ಬೊಬ್ಬರೂ ಎತ್ತಿ ನೋಡಲಿ. ಜೂಲ್ ಎಷ್ಟು ಚಿಕ್ಕದು ಎಂದು ಕೈಗೇ ಗೊತ್ತಾಗುತ್ತದೆ.

ಇನ್ನೊಂದು ಗೊಂದಲ "ಸಂರಕ್ಷಣೆ" ಪದದ್ದೇ. ಗೋಡೆಯ ಮೇಲೆ "ಇಂಧನ ಸಂರಕ್ಷಿಸಿ" ಎಂದು ಬರೆದಿರುತ್ತದೆ, ಪಾಠದಲ್ಲಿ ಶಕ್ತಿ ತಾನಾಗಿಯೇ ಸಂರಕ್ಷಿತ ಎಂದಿರುತ್ತದೆ. ತಾನಾಗಿಯೇ ಉಳಿಯುವುದಾದರೆ ಸ್ವಿಚ್ ಏಕೆ ಆರಿಸಬೇಕು ಎಂದು ಚುರುಕು ಹುಡುಗಿಯೊಬ್ಬಳು ಕೇಳಿಯೇ ಕೇಳುತ್ತಾಳೆ. ನಿಯಮಕ್ಕೆ ಮಾತ್ರ "ಸಂರಕ್ಷಣೆ" ಇಟ್ಟುಕೊಳ್ಳಿ, ಸ್ವಿಚ್ ಆರಿಸುವುದಕ್ಕೆ "ಉಳಿತಾಯ" ಎನ್ನಿ. ಉಳಿಸಬೇಕಾದದ್ದು ಕೆಲಸಕ್ಕೆ ಬರುವ ರೂಪದಲ್ಲಿರುವ ಶಕ್ತಿಯನ್ನು. ಅದು ಕೋಣೆಯ ಗಾಳಿಗೆ, ಗೋಡೆಗೆ ಉಷ್ಣವಾಗಿ ಹರಡಿಹೋದರೆ ಮೊತ್ತ ಅಷ್ಟೇ ಇರುತ್ತದೆ, ಮತ್ತೆ ಕೂಡಿಸಿ ತರಲಾಗುವುದಿಲ್ಲ.

ಬೋರ್ಡಿನಲ್ಲಿ ಎರಡು ಕಾಲಂ ಹಾಕಿ: "ಬಂದದ್ದು", "ಹೋದದ್ದು". ಐದು ಪೀರಿಯಡ್ಡೂ ಇವು ಅಳಿಯಬಾರದು.

ಲೋಲಕ ಮತ್ತು ಮೊಳೆ

ಬೇಕಾದದ್ದು: ಹಿಗ್ಗದ ದಾರ (ನೈಲಾನ್ ಬೇಡ, ಗಾಳಿಪಟದ ಹತ್ತಿ ದಾರ ಒಳ್ಳೆಯದು), 100 ಗ್ರಾಂ ತೂಕದ ಗುಂಡು ಅಥವಾ ದಪ್ಪ ನಟ್, ಮೊಳೆ, ಅಳತೆಪಟ್ಟಿ. ದಾರವನ್ನು ಕಿಟಕಿಯ ಸರಳಿಗೋ ಬೋರ್ಡಿನ ಮೇಲಂಚಿನ ಗಟ್ಟಿ ಮೊಳೆಗೋ ಕಟ್ಟಿ. ಬೆಂಚಿನ ಮೇಲಿಟ್ಟ ಸ್ಟ್ಯಾಂಡಿಗೆ ಕಟ್ಟಿದರೆ ಸ್ಟ್ಯಾಂಡೂ ಜೊತೆಗೆ ಅಲ್ಲಾಡಿ ಶಕ್ತಿಯನ್ನು ಕುಡಿಯುತ್ತದೆ, ಎತ್ತರ ಬೇಗ ಇಳಿಯುತ್ತದೆ.

ದಾರದ ಉದ್ದ ಗುಂಡಿನ ನಡುವಿನವರೆಗೆ ಸರಿಯಾಗಿ 1 ಮೀಟರ್ ಇರಲಿ. ಗುಂಡನ್ನು 60 ಸೆಂ.ಮೀ. ಪಕ್ಕಕ್ಕೆ ಎಳೆದರೆ ಅದು 20 ಸೆಂ.ಮೀ. ಮೇಲೇರುತ್ತದೆ. ಪೈಥಾಗೊರಸ್ ಪ್ರಮೇಯ ಗೊತ್ತಿದ್ದರೆ ಮಕ್ಕಳೇ ಲೆಕ್ಕ ಮಾಡುತ್ತಾರೆ: 100, 80, 60. ಈ ಎತ್ತರಕ್ಕೆ ಹಿಂದಿನ ಬೋರ್ಡಿನಲ್ಲಿ ಚಾಕ್‌ಪೀಸಿನ ಅಡ್ಡಗೆರೆ ಎಳೆಯಿರಿ. ಗುಂಡನ್ನು ತಳ್ಳದೆ ಸುಮ್ಮನೆ ಬಿಡಿ. ಆಚೆ ಬದಿಯಲ್ಲಿ ಗೆರೆಯವರೆಗೆ ಬರುತ್ತದೆ, ಅದರಾಚೆಗಿಲ್ಲ.

ಈಗ ತೂಗುಬಿಂದುವಿನ ಸರಿ ಕೆಳಗೆ 50 ಸೆಂ.ಮೀ. ದೂರದಲ್ಲಿ ಮೊಳೆ ಹೊಡೆಯಿರಿ. ದಾರ ಮೊಳೆಗೆ ತಾಗಿದ ಮೇಲೆ ಗುಂಡು ಅರ್ಧ ಮೀಟರಿನ ಚಿಕ್ಕ ವೃತ್ತದಲ್ಲಿ ಏರಬೇಕು. ಬಿಡುವ ಮೊದಲು ಕೇಳಿ: ಎಷ್ಟು ಎತ್ತರ ಹೋದೀತು? ಬಹುಪಾಲು ಮಕ್ಕಳು "ಅರ್ಧ" ಎನ್ನುತ್ತಾರೆ. ಬಿಟ್ಟಾಗ ಪಕ್ಕಕ್ಕೆ ಹೋಗುವುದು 60ರ ಬದಲು 40 ಸೆಂ.ಮೀ., ಏರುವುದು ಮಾತ್ರ ಅದೇ 20ರ ಗೆರೆಗೆ. ದಾರಿ ಬದಲಾಯಿತು, ಮೊತ್ತ ಬದಲಾಗಲಿಲ್ಲ. ಗೆಲಿಲಿಯೊ ತೋರಿಸಿದ ಈ ಪ್ರಯೋಗಕ್ಕೆ ಇವತ್ತಿಗೂ ಎರಡು ರೂಪಾಯಿ ಖರ್ಚಿಲ್ಲ.

ಇದು ಕೈಕೊಡುವುದು ಒಂದೇ ಕಡೆ. ಮೊಳೆಯನ್ನು ತೀರ ಕೆಳಗೆ, ಅಂದರೆ ಗುಂಡಿನ ತಳಮಟ್ಟದಿಂದ 20 ಸೆಂ.ಮೀ.ಗಿಂತ ಕಡಿಮೆ ಎತ್ತರದಲ್ಲಿ ಹೊಡೆದರೆ ಗುಂಡು ಗೆರೆ ಮುಟ್ಟದೆ ನಡುವೆ ದಾರ ಸಡಿಲಾಗಿ ಬೀಳುತ್ತದೆ, ಇನ್ನೂ ಕೆಳಗಾದರೆ ಮೊಳೆಯ ಸುತ್ತ ಸುತ್ತಿಕೊಳ್ಳುತ್ತದೆ. ಮಕ್ಕಳು "ನಿಯಮ ತಪ್ಪಿತು" ಎಂದು ಖುಷಿಪಡುತ್ತಾರೆ. ತಪ್ಪಿಲ್ಲ. ದಾರ ಸಡಿಲಾದ ಕ್ಷಣದಲ್ಲಿ ಗುಂಡಿಗೆ ಇನ್ನೂ ವೇಗವಿದೆ, ಅದರ ಪಾಲು ಚಲನ ಶಕ್ತಿಯಾಗಿ ಉಳಿದಿದೆ. ಮೊಳೆ ತಳದಿಂದ 30 ಸೆಂ.ಮೀ. ಮೇಲಿದ್ದರೆ ಈ ತಾಪತ್ರಯವಿಲ್ಲ.

ತಳದಲ್ಲಿ ವೇಗ ಎಷ್ಟು? 2 × 9.8 × 0.2ರ ವರ್ಗಮೂಲ, ಸೆಕೆಂಡಿಗೆ ಸುಮಾರು 1.98 ಮೀಟರ್. ತಾಳೆ ನೋಡಲು ಮೊಬೈಲ್ ಸಾಕು. ಗುಂಡಿನ ಹಿಂದೆ 5 ಸೆಂ.ಮೀ.ಗೊಂದು ಗೆರೆ ಎಳೆದು, ಸೆಕೆಂಡಿಗೆ 60 ಚೌಕಟ್ಟಿನ ವೀಡಿಯೊ ತೆಗೆದು ಒಂದೊಂದೇ ಚೌಕಟ್ಟು ಸರಿಸಿ. ತಳದ ಹತ್ತಿರ ಪ್ರತಿ ಚೌಕಟ್ಟಿಗೆ ಗುಂಡು ಸುಮಾರು 3.3 ಸೆಂ.ಮೀ. ಮುಂದೆ ಹೋಗಿರಬೇಕು. ಬೆಳಕು ಕಡಿಮೆಯಿದ್ದರೆ ಚಿತ್ರ ಕಲಸುತ್ತದೆ, ಬಾಗಿಲ ಬಳಿ ಮಾಡಿ. ಕೊನೆಗೆ ಗುಂಡಿಗೆ ಅಂಗೈಯಗಲದ ರಟ್ಟು ಅಂಟಿಸಿ ಮತ್ತೆ ಬಿಡಿ. ಎತ್ತರ ಬೇಗ ಕುಸಿಯುತ್ತದೆ. "ಹೋದದ್ದು" ಕಾಲಂನಲ್ಲಿ ಮೊದಲ ಬಾರಿಗೆ "ಗಾಳಿ" ಎಂಬ ಹೆಸರು ಬರುವುದು ಇಲ್ಲಿ.

ಪುಟಿಯುವ ಚೆಂಡು

ಇದನ್ನು ಮಕ್ಕಳ ಗುಂಪುಗಳಿಗೇ ಬಿಡಿ. ಗೋಡೆಗೆ ಮೀಟರ್ ಪಟ್ಟಿ, 1 ಮೀಟರಿನಿಂದ ಚೆಂಡು. ಎರಡು ಸಲವೂ ಚೆಂಡಿನ ಕೆಳ ಅಂಚನ್ನೇ ಓದಬೇಕು. ಬಿಡುವಾಗ ತಳ, ಪುಟಿದಾಗ ತಲೆ ಓದಿದರೆ ಚೆಂಡಿನ ವ್ಯಾಸದಷ್ಟು ಶಕ್ತಿ ಪುಕ್ಕಟೆ ಸಿಕ್ಕಂತಾಗುತ್ತದೆ. ಕಣ್ಣು ಪುಟಿಯುವ ಮಟ್ಟದಲ್ಲೇ ಇರಲಿ. ಐದು ಸಲ ಮಾಡಿ ಸರಾಸರಿ ತೆಗೆಯಿರಿ.

ಪುಟಿದ ಎತ್ತರವನ್ನು ಬಿಟ್ಟ ಎತ್ತರದಿಂದ ಭಾಗಿಸಿದರೆ ಉಳಿದ ಶಕ್ತಿಯ ಪಾಲು ಸಿಗುತ್ತದೆ, ದ್ರವ್ಯರಾಶಿ ಬೇಕಾಗಿಯೇ ಇಲ್ಲ. ಹೊಸ ಟೆನಿಸ್ ಚೆಂಡಿಗೆ ಆಟದ ನಿಯಮವೇ ಒಂದು ಅಳತೆ ಕೊಟ್ಟಿದೆ: 254 ಸೆಂ.ಮೀ.ನಿಂದ ಕಾಂಕ್ರೀಟಿಗೆ ಬಿಟ್ಟರೆ 135ರಿಂದ 147 ಸೆಂ.ಮೀ. ಪುಟಿಯಬೇಕು. ಅಂದರೆ 53ರಿಂದ 58 ಶೇಕಡ. ನಿಯಮದ ಪುಸ್ತಕ ಒಪ್ಪಿದ ಚೆಂಡೂ ಒಂದೇ ಪುಟಿತಕ್ಕೆ ಶೇಕಡ 40ಕ್ಕಿಂತ ಹೆಚ್ಚನ್ನು ಬಿಟ್ಟುಕೊಡುತ್ತದೆ. ಅದೇ ಚೆಂಡನ್ನು ಜಮಖಾನದ ಮೇಲೆ ಬಿಡಿ, ಆಮೇಲೆ ಚಪಾತಿ ಹಿಟ್ಟಿನ ಉಂಡೆ ಬಿಡಿ. ಉಂಡೆಯ ಉತ್ತರ ಸೊನ್ನೆ. ಹಾಗಾದರೆ ಅದರ ಅಷ್ಟೂ ಶಕ್ತಿ ಎಲ್ಲಿ?

ಇಲ್ಲಿ "ಶಬ್ದವಾಯಿತು" ಎಂಬ ಉತ್ತರ ಬಂದೇ ಬರುತ್ತದೆ. ಶಬ್ದಕ್ಕೆ ಹೋಗುವ ಪಾಲು ಅತ್ಯಲ್ಪ. ಬಹುಪಾಲು ಹೋಗುವುದು ಚೆಂಡು, ಹಿಟ್ಟು, ನೆಲ ಬಿಸಿಯಾಗುವುದಕ್ಕೆ. ಮಕ್ಕಳು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಜಿ.ಐ. ತಂತಿಯ ತುಂಡನ್ನು ಒಂದೇ ಜಾಗದಲ್ಲಿ 15-20 ಸಲ ಬೇಗಬೇಗ ಬಾಗಿಸಿ, ಬಾಗಿದ ಕಡೆ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿಸಿ. ಚುರುಕ್ ಎನ್ನುತ್ತದೆ. ಇದಕ್ಕೆ ಬದಲು ರಬ್ಬರ್ ಬ್ಯಾಂಡನ್ನು ಎಳೆದು ತುಟಿಗೆ ತಾಗಿಸುವ ಪ್ರಯೋಗವನ್ನು ಕೆಲವರು ಮಾಡಿಸುತ್ತಾರೆ. ಎಳೆದಾಗ ಬೆಚ್ಚಗಾಗುವುದು ನಿಜ, ಆದರೆ ಬಿಟ್ಟಾಗ ಅದು ಮತ್ತೆ ತಣ್ಣಗಾಗುತ್ತದೆ. ಆ ಬಿಸಿಯ ಕಾರಣ ಬೇರೆ. ಈ ಪಾಠಕ್ಕೆ ಅದನ್ನು ತಂದರೆ ಗೊಂದಲ.

ಬೀಳುವ ಸೀಸದ ಗುಂಡು: ಇಡೀ ಪಾಠದ ತಿರುಳು

ಸಮಯ ಕಡಿಮೆಯಿದ್ದರೆ ಉಳಿದದ್ದು ಬಿಟ್ಟರೂ ಇದನ್ನು ಬಿಡಬೇಡಿ. ಬಿದ್ದದ್ದರಿಂದ ಎಷ್ಟು ಉಷ್ಣ ಬಂತು ಎಂದು ಶಾಲೆಯಲ್ಲೇ ಅಳೆಯಬಹುದಾದ ಪ್ರಯೋಗ ಇದು.

1 ಮೀಟರ್ ಉದ್ದ, ಒಂದಿಂಚು ಒಳವ್ಯಾಸದ ಪಿವಿಸಿ ಪೈಪ್ ತನ್ನಿ. ಲೋಹದ ಪೈಪ್ ಬೇಡ, ಬಂದ ಉಷ್ಣವನ್ನೆಲ್ಲ ಅದೇ ನುಂಗುತ್ತದೆ. ಎರಡು ತುದಿಗೂ ಬಿಗಿಯಾದ ರಬ್ಬರ್ ಬಿರಡೆ. ಒಳಗೆ ಅರ್ಧ ಕಿಲೋ ಸೀಸದ ಸಣ್ಣ ಗುಂಡು, ಮೀನಿನ ಬಲೆಗೆ ಕಟ್ಟುವಂಥವು. ಅಷ್ಟು ಗುಂಡು ಪೈಪಿನಲ್ಲಿ ಸುಮಾರು 15 ಸೆಂ.ಮೀ. ಜಾಗ ಹಿಡಿಯುತ್ತವೆ, ಹಾಗಾಗಿ ಪೈಪ್ ತಲೆಕೆಳಗು ಮಾಡಿದಾಗ ಅವು ಬೀಳುವುದು 85 ಸೆಂ.ಮೀ.

1. ಗುಂಡುಗಳನ್ನು ಥರ್ಮಾಕೋಲ್ ಲೋಟಕ್ಕೆ ಸುರಿದು, ಡಿಜಿಟಲ್ ಥರ್ಮಾಮೀಟರಿನ ಕಡ್ಡಿ ಹುಗಿದು ತಾಪ ಓದಿ. 0.1 ಡಿಗ್ರಿ ತೋರಿಸುವಂಥದ್ದೇ ಬೇಕು. ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಕೆಲಸಕ್ಕೆ ಬಾರದು. 1 ಡಿಗ್ರಿ ಗೆರೆಯ ಗಾಜಿನದು ಒರಟಾಗುತ್ತದೆ.

2. ಪೈಪಿಗೆ ತುಂಬಿ ಬಿರಡೆ ಹಾಕಿ. ನೆಟ್ಟಗೆ ಹಿಡಿದು ಚಕ್ಕನೆ ತಲೆಕೆಳಗು ಮಾಡಿ, ಗುಂಡುಗಳೆಲ್ಲ "ಧಪ್" ಎಂದು ಬಿದ್ದ ಸದ್ದು ಕೇಳಿದ ಮೇಲೆ ಮತ್ತೆ ತಿರುಗಿಸಿ. ಹೀಗೆ 60 ಸಲ.

3. ತಕ್ಷಣ ಲೋಟಕ್ಕೆ ಸುರಿದು ತಾಪ ಓದಿ.

ಲೆಕ್ಕ: ಪ್ರತಿ ಕಿಲೋಗೆ 9.8 × 0.85 × 60, ಅಂದರೆ ಸುಮಾರು 500 ಜೂಲ್. ಸೀಸದ ಪ್ರತಿ ಕಿಲೋವನ್ನು 1 ಡಿಗ್ರಿ ಏರಿಸಲು ಸುಮಾರು 128 ಜೂಲ್ ಬೇಕು. ಭಾಗಿಸಿದರೆ 3.9 ಡಿಗ್ರಿ. ಗುಂಡು ಕಾಲು ಕಿಲೋ ಇದ್ದರೂ ಒಂದು ಕಿಲೋ ಇದ್ದರೂ ಲೆಕ್ಕದಲ್ಲಿ ದ್ರವ್ಯರಾಶಿ ಹೊಡೆದುಹೋಗುತ್ತದೆ, ಬೀಳುವ ದೂರವೊಂದು ಬದಲಾಗುತ್ತದೆ.

ಸರಿಯಾಗಿ ಮಾಡಿದರೆ ಸಿಗುವುದು 3.9ಕ್ಕಿಂತ ಕಡಿಮೆ. ಬಿರಡೆಗೆ, ಪೈಪಿಗೆ, ಸುರಿಯುವಾಗ ಗಾಳಿಗೆ ಸ್ವಲ್ಪ ಹೋಗಿರುತ್ತದೆ. ಎಷ್ಟು ಕಡಿಮೆ ಬಂತೋ ಅದನ್ನು ಮಕ್ಕಳೇ ಜೂಲ್‌ಗೆ ತಿರುಗಿಸಿ "ಹೋದದ್ದು" ಕಾಲಂನಲ್ಲಿ ಬರೆಯಲಿ. ತೀರ ಕಡಿಮೆ ಬಂದರೆ ಗುಂಡುಗಳು ಬೀಳದೆ ಜಾರಿವೆ ಎಂದರ್ಥ, ಪೈಪನ್ನು ನಿಧಾನವಾಗಿ ತಿರುಗಿಸಿರುತ್ತಾರೆ. 3.9ಕ್ಕಿಂತ ಹೆಚ್ಚು ಬಂದರೆ? ಆ ಗುಂಪನ್ನು ಹೊಗಳಬೇಡಿ, ಕೈ ಎಲ್ಲಿ ಹಿಡಿದಿದ್ದರು ಎಂದು ಕೇಳಿ. ತುದಿಯಲ್ಲಿ ಹಿಡಿದರೆ ಅಂಗೈಯ ಬಿಸಿ ಒಳಗಿಳಿಯುತ್ತದೆ. ಪೈಪಿನ ನಡುವೆ ಟವೆಲ್ ಸುತ್ತಿ ಅಲ್ಲೇ ಹಿಡಿಯಬೇಕು. ಬಿಸಿಲಿಗಿಟ್ಟ ಪೈಪ್ ಬಳಸಿದರೂ ಇದೇ ಗತಿ.

ಸೀಸ ವಿಷ. ಗುಂಡು ತುಂಬುವುದು, ಸುರಿಯುವುದು ಕೈಗವಸು ಹಾಕಿದ ಶಿಕ್ಷಕರ ಕೆಲಸ, ಮಕ್ಕಳು ಮುಚ್ಚಿದ ಪೈಪನ್ನಷ್ಟೇ ತಿರುಗಿಸಲಿ. ಮುಗಿದ ಮೇಲೆ ಎಲ್ಲರೂ ಸೋಪಿನಿಂದ ಕೈ ತೊಳೆಯಬೇಕು. ಮಧ್ಯಾಹ್ನದ ಬಿಸಿಯೂಟಕ್ಕೆ ಮುಂಚಿನ ಪೀರಿಯಡ್ಡಿನಲ್ಲಿ ಇದನ್ನು ಇಟ್ಟುಕೊಳ್ಳಬೇಡಿ. ಸೀಸವೇ ಬೇಡವೆಂದರೆ ಸೈಕಲ್ ಅಂಗಡಿಯ ಉಕ್ಕಿನ ಬೇರಿಂಗ್ ಗುಂಡು ಆಗಬಹುದು. ಆದರೆ ಉಕ್ಕಿಗೆ ಪ್ರತಿ ಡಿಗ್ರಿಗೆ ಸುಮಾರು 470 ಜೂಲ್ ಬೇಕು, 60 ಸಲಕ್ಕೆ ಒಂದು ಡಿಗ್ರಿ ಏರುವುದೇ ಕಷ್ಟ. 120 ಸಲ ತಿರುಗಿಸಿ, ತೋಳು ನೋಯುತ್ತದೆ. ನೀರನ್ನು ಹಾಗೆ ಬೀಳಿಸಿದರೆ? ಕಿಲೋಗೆ 4186 ಜೂಲ್ ಬೇಕಾದ್ದರಿಂದ 60 ಸಲಕ್ಕೆ 0.12 ಡಿಗ್ರಿ.

ಈ ಚಿಕ್ಕ ಅಂಕಿಯ ಬೆನ್ನು ಹತ್ತಿದವರು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ (1818–1889). ಮನೆತನದ ಕಸುಬು ಬಿಯರ್ ತಯಾರಿಕೆ. ಇಳಿಯುವ ತೂಕಗಳಿಂದ ನೀರಿನಲ್ಲಿ ಹುಟ್ಟುಗಳನ್ನು ತಿರುಗಿಸಿ ನೀರು ಎಷ್ಟು ಬಿಸಿಯಾಯಿತೆಂದು ಅಳೆದರು. 1850ರಲ್ಲಿ ಅವರು ಕೊಟ್ಟ ಅಂಕಿ 772: ಒಂದು ಪೌಂಡ್ ನೀರು 772 ಅಡಿ ಬಿದ್ದರೆ ಅದರ ತಾಪ 1 ಡಿಗ್ರಿ ಫ್ಯಾರನ್‌ಹೀಟ್ ಏರಬೇಕು. ನಮ್ಮ ಜೋಗ 830 ಅಡಿ, 253 ಮೀಟರ್. ಜೂಲ್ ಹೇಳಿದ ಎತ್ತರಕ್ಕೆ ಇನ್ನೊಂದಿಷ್ಟು ಸೇರಿಸಿ ಶರಾವತಿಯೇ ಕಟ್ಟಿಕೊಟ್ಟ ಉಪಕರಣ ಅದು! ಸೆಲ್ಸಿಯಸ್‌ನಲ್ಲಿ 9.8 × 253 ÷ 4186, ಸುಮಾರು 0.6 ಡಿಗ್ರಿ. ಥರ್ಮಾಮೀಟರ್ ಹಿಡಿದು ಗುಂಡಿಗೆ ಇಳಿದರೆ ಈ ಅಂಕಿ ಸಿಗದು. ನೀರು ನಡುದಾರಿಯಲ್ಲೇ ತುಂತುರಾಗಿ, ಆವಿಯಾಗಿ ತಣ್ಣಗಾಗುತ್ತದೆ. ಏಕೆ ಸಿಗದು ಎಂಬುದೇ ಒಳ್ಳೆಯ ಮನೆಕೆಲಸ.

ಅದರ ಜೊತೆಗೆ ಇನ್ನೊಂದು ಲೆಕ್ಕ ಕೊಡಿ. ಸಾವಿರ ಲೀಟರ್ ಟ್ಯಾಂಕಿನಷ್ಟು ನೀರು 253 ಮೀಟರ್ ಇಳಿದರೆ ಸುಮಾರು 24.8 ಲಕ್ಷ ಜೂಲ್. ಕರೆಂಟ್ ಬಿಲ್ಲಿನ ಒಂದು ಯೂನಿಟ್ 36 ಲಕ್ಷ ಜೂಲ್. ಅಷ್ಟು ನೀರಿನಿಂದ, ಒಂದಿಷ್ಟೂ ಸೋರದಿದ್ದರೂ, ಸಿಗುವುದು 0.69 ಯೂನಿಟ್.

ಎರಡು ಮೋಟಾರು, ಒಂದು ವಾಲ್ವ್ ಟ್ಯೂಬು

ಆಟಿಕೆಯ ಎರಡು ಡಿ.ಸಿ. ಮೋಟಾರುಗಳ ಕಡ್ಡಿಗಳನ್ನು ಸೈಕಲ್ ವಾಲ್ವ್ ಟ್ಯೂಬಿನ ತುಂಡಿನಿಂದ ಜೋಡಿಸಿ. ಬಿಗಿಯಾಗಿ ಕೂರಬೇಕು, ಎರಡೂ ಕಡ್ಡಿ ಒಂದೇ ಸಾಲಿನಲ್ಲಿರಬೇಕು. ಓರೆಯಾದರೆ ಟ್ಯೂಬ್ ಕುಣಿದು ಕಿತ್ತುಬರುತ್ತದೆ. ಮೋಟಾರುಗಳನ್ನು ಮರದ ಹಲಗೆಗೆ ಅಂಟಿಸಿಬಿಡಿ. ಒಂದಕ್ಕೆ ನಾಲ್ಕು ಪೆನ್‌ಸೆಲ್, ಇನ್ನೊಂದಕ್ಕೆ 100 ಓಮ್ ರೋಧಕದ ಜೊತೆ ಕೆಂಪು ಎಲ್‌ಇಡಿ. ಎಲ್‌ಇಡಿ ಹತ್ತದಿದ್ದರೆ ಮೊದಲು ಕಾಲು ಅದಲುಬದಲು ಮಾಡಿ. ಕೆಂಪೇ ಆಗಬೇಕು, ಅದಕ್ಕೆ 1.8 ವೋಲ್ಟಿನ ಆಸುಪಾಸು ಸಾಕು. ಬಿಳಿಯದಕ್ಕೆ 3 ವೋಲ್ಟಿನಷ್ಟು ಬೇಕು.

ಈಗ ಕಿವಿಗೊಟ್ಟು ಕೇಳಲು ಹೇಳಿ. ಎರಡನೇ ಮೋಟಾರಿನ ಎರಡು ತಂತಿಗಳನ್ನು ನೇರ ಮುಟ್ಟಿಸಿದರೆ ಮೊದಲನೆಯದರ ಸದ್ದು ಕುಗ್ಗುತ್ತದೆ, ವೇಗ ಇಳಿಯುತ್ತದೆ, ಸೆಲ್‌ನಿಂದ ಹರಿಯುವ ಕರೆಂಟ್ ಏರುತ್ತದೆ. ಅತ್ತ ಕಡೆ ಹೆಚ್ಚು ಕೇಳಿದರೆ ಇತ್ತ ಕಡೆ ಹೆಚ್ಚು ಕೊಡಬೇಕು. ಕರೆಂಟ್ ಅಳೆಯುವಾಗ ಮಲ್ಟಿಮೀಟರಿನ ಕೆಂಪು ತಂತಿ 10 ಆಂಪಿಯರ್ ತೂತಿನಲ್ಲಿರಲಿ. ಚಿಕ್ಕ ವ್ಯಾಪ್ತಿಯ ತೂತಿನಲ್ಲಿಟ್ಟು ಫ್ಯೂಸ್ ಸುಟ್ಟ ಮಲ್ಟಿಮೀಟರುಗಳು ಶಾಲೆಗಳ ಕಪಾಟಿನಲ್ಲಿ ಬೇಕಾದಷ್ಟಿವೆ.

ಯಾವನೋ ಒಬ್ಬ ಹುಡುಗ ಕೇಳುತ್ತಾನೆ: ಎರಡನೆಯದರಿಂದ ಬಂದ ಕರೆಂಟನ್ನೇ ಮೊದಲನೆಯದಕ್ಕೆ ಕೊಟ್ಟರೆ ಸೆಲ್ಲೇ ಬೇಡವಲ್ಲ? ಮೊಬೈಲಿನಲ್ಲಿ ಅಂಥ "ಫ್ರೀ ಎನರ್ಜಿ" ವೀಡಿಯೊ ನೋಡಿಯೇ ಬಂದಿರುತ್ತಾನೆ. ಗದರಿಸದೆ ಅವನ ಕೈಗೇ ತಂತಿ ಕೊಡಿ. ಸೆಲ್ ತೆಗೆದ ಮರುಕ್ಷಣ ಎರಡೂ ನಿಲ್ಲುತ್ತವೆ. ವೀಡಿಯೊದಲ್ಲಿ ಹಲಗೆಯ ಅಡಿಯಲ್ಲಿ ಏನು ಬಚ್ಚಿಟ್ಟಿರಬಹುದು ಎಂದು ಅವನೇ ಹೇಳಲಿ. ತಾನೇ ತಿರುಗುವ ಚಕ್ರದ ಆಸೆ ಹಳೆಯದು. 12ನೇ ಶತಮಾನದ ಭಾಸ್ಕರಾಚಾರ್ಯರೂ ಪಾದರಸ ತುಂಬಿದ ಅಂಥ ಚಕ್ರವನ್ನು ವರ್ಣಿಸಿದ್ದಾರೆ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಬೇಸತ್ತು 1775ರಲ್ಲೇ ಇಂಥ ಯಂತ್ರಗಳ ಅರ್ಜಿ ನೋಡುವುದಿಲ್ಲ ಎಂದು ತೀರ್ಮಾನಿಸಿತು.

ಕೆಟಲ್

ಇದು ಶಿಕ್ಷಕರೇ ಮಾಡಿ ತೋರಿಸುವಂಥದ್ದು. 1500 ವ್ಯಾಟಿನ ಕೆಟಲ್, 1 ಲೀಟರ್ ನೀರು, 25ರಿಂದ 65 ಡಿಗ್ರಿ. ಬೇಕಾದದ್ದು ಸುಮಾರು 1,67,000 ಜೂಲ್, ಲೆಕ್ಕದ ಪ್ರಕಾರ 112 ಸೆಕೆಂಡ್. ಕುದಿಯುವವರೆಗೆ ಬಿಡಬೇಡಿ, ಆವಿಯ ಪಾಲು ಸೇರಿ ಲೆಕ್ಕ ಕೆಡುತ್ತದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕಲಕಿ ತಾಪ ಓದಿ. ಸಮಯ ಹೆಚ್ಚು ಬಂದರೆ ಎಲ್ಲವೂ ನಷ್ಟವೆಂದು ಬರೆಯುವ ಮೊದಲು ವೋಲ್ಟೇಜ್ ನೋಡಿ. 230ರ ಬದಲು 200 ಬರುತ್ತಿದ್ದರೆ ಆ ಕೆಟಲ್ ಕೊಡುವುದೇ ಸುಮಾರು 1130 ವ್ಯಾಟ್, ಆಗ 148 ಸೆಕೆಂಡ್ ಸಹಜ. ಹಳ್ಳಿಯ ಶಾಲೆಗಳಲ್ಲಿ ಈ ಪ್ರಯೋಗ "ತಪ್ಪುವುದು" ಹೆಚ್ಚಾಗಿ ಇದರಿಂದಲೇ.

ಪರೀಕ್ಷೆಯಲ್ಲಿ ಏನು ಕೇಳುವುದು

"ಬಲ್ಬಿನಲ್ಲಿ ಆಗುವ ಶಕ್ತಿ ಪರಿವರ್ತನೆ ಯಾವುದು?" ಎಂಬ ಒಂದಂಕದ ಪ್ರಶ್ನೆ ಕೇಳಿದರೆ ಮತ್ತೆ ಹಳೆಯ ಬಾಯಿಪಾಠಕ್ಕೇ ಮರಳಿದಂತೆ. ಬದಲಿಗೆ ಚೌಕುಳಿ ಪುಸ್ತಕದಲ್ಲಿ ಚಿತ್ರ ಬರೆಸಿ: 100 ಜೂಲ್‌ಗೆ 20 ಚೌಕ ಅಗಲದ ಬಾಣ. ಹಳೆಯ ತಂತಿಬಲ್ಬಿಗೆ ಒಂದು ಚೌಕ ಬೆಳಕು, 19 ಚೌಕ ಉಷ್ಣ. ಎಲ್‌ಇಡಿಗೆ ಬೆಳಕಿನ ಪಾಲು ಸುಮಾರು ಮೂರನೇ ಒಂದು, ಆರೇಳು ಚೌಕ. ಎಡಗಡೆಯ ಅಗಲವೂ ಬಲಗಡೆಯ ಒಟ್ಟು ಅಗಲವೂ ಸಮವಿಲ್ಲದಿದ್ದರೆ ಅಂಕವಿಲ್ಲ. 60 ವ್ಯಾಟಿನ ಜಾಗಕ್ಕೆ 9 ವ್ಯಾಟ್ ಏಕೆ ಸಾಕಾಯಿತು ಎಂಬುದು ಈ ಚಿತ್ರದಲ್ಲೇ ಕಾಣುತ್ತದೆ.

ಮೆಟ್ಟಿಲಿನ ಲೆಕ್ಕ ಎಲ್ಲರಿಗೂ ಇಷ್ಟವಾಗುತ್ತದೆ. 40 ಕಿಲೋ ತೂಕದ ವಿದ್ಯಾರ್ಥಿ 3 ಮೀಟರ್ ಎತ್ತರದ ಮಹಡಿ ಹತ್ತಿದರೆ 1176 ಜೂಲ್. ಒಂದು ಯೂನಿಟ್ ಕರೆಂಟಿಗೆ ಸಮವಾಗಲು ಎಷ್ಟು ಸಲ ಹತ್ತಬೇಕು? 3061 ಸಲ. ಉತ್ತರ ಬಂದಾಗ ತರಗತಿ ಒಂದು ಗಳಿಗೆ ಸುಮ್ಮನಾಗುತ್ತದೆ.

ಕೊನೆಗೆ, ಅರ್ಥವಾದವರನ್ನು ಗುರುತಿಸಲು ಒಂದೇ ಪ್ರಶ್ನೆ: ಬಾಗಿಲು ಕಿಟಕಿ ಮುಚ್ಚಿದ, ಯಾರೂ ಇಲ್ಲದ ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ಇಡೀ ರಾತ್ರಿ ತಿರುಗಿದರೆ ಬೆಳಗ್ಗೆ ಕೋಣೆಯ ಗಾಳಿ ತಣ್ಣಗಿರುತ್ತದೋ, ತುಸು ಬೆಚ್ಚಗಿರುತ್ತದೋ? ಉತ್ತರ ಒಂದು ಪದದಲ್ಲಿದ್ದರೆ ಅಂಕ ಕೊಡಬೇಡಿ. "ಬಂದದ್ದು", "ಹೋದದ್ದು" ಎರಡು ಕಾಲಂ ಬರೆದು ತೋರಿಸಲಿ.